ಕಡಲುಗಳ್ಳರ ಪಂಕ್ತಿ

ಹೋಟೆಲಿನ ಮಂಚದ ಮೇಲೆ ಮೂರು ಕರಪತ್ರ,
ಇಸ್ಪೀಟಿನ ಎಲೆ ಹಾಸಿದ ಹಾಗೆ.
ಒಂದರಲ್ಲಿ ಮರಳು, ಒಂಟೆ, ಬೆಂಕಿ ನುಂಗುವವನು.
ಒಂದರಲ್ಲಿ ಮೈತುಂಬ ದೀಪ ಹಚ್ಚಿಕೊಂಡ ಮರದ ಹಡಗು,
ಅದರೊಳಗೆ ಬುಗುರಿಯಂತೆ ತಿರುಗುವ ಲಂಗದ ಗಂಡಸು.
ಮೂರನೆಯದರಲ್ಲಿ ಕಣ್ಣಿಗೆ ಕಪ್ಪು ಪಟ್ಟಿ, ಹೆಗಲಿಗೆ ಗಿಳಿ:
ಕಡಲುಗಳ್ಳರು, ಕತ್ತಿ ಕಾಳಗ, ಊಟ ಸೇರಿ.

ನಾಳೆ ವಿಮಾನ. ಉಳಿದದ್ದು ಒಂದೇ ಸಂಜೆ.
ದೇರಾದ ಕಿಟಕಿಯಾಚೆ ಬಿಸಿಲು ಇನ್ನೂ
ಗೋಡೆಗಳಿಗೆ ಸುಣ್ಣ ಬಳಿಯುತ್ತಿತ್ತು.

ಇವರು ಮೊಬೈಲು ಹಿಡಿದು
ಇಪ್ಪತ್ಮೂರರ ಮಗ್ಗಿ ಒಪ್ಪಿಸುತ್ತಿದ್ದರು:
“ಐದು ಮಂದಿಗೆ ಮರಳಿಂದು ಅಂದ್ರ ಒಂದು ಫ್ರಿಜ್ಜು.
ಹಡಗಿಂದು ಅರ್ಧಾ ಫ್ರಿಜ್ಜು.
ಕಳ್ಳರದು…” ತಡೆದು, “ಹೆಸರು ಖರೇನ ಇಟ್ಟಾರ.”

ತೇಜುವಿಗೆ ಕಳ್ಳರೇ ಬೇಕು, ಈಗಲೇ ಬೇಕು.
ಸಂಹಿತಾಳಿಗೆ ಹದಿನಾಲ್ಕು;
ಎಲ್ಲಿಗಾದರೂ ಸರಿ, ನಮ್ಮಿಂದ ಹತ್ತು ಹೆಜ್ಜೆ ದೂರ.
ನನಗೆ ಹಡಗು ಸಾಕಿತ್ತು.
ನೀರಿನ ಮೇಲೆ, ಉಪ್ಪಿನಕಾಯಿ ಎಲ್ಲಿ,
ಚಾರ್ಜರ್ ಎಲ್ಲಿ ಎಂದು ಯಾರೂ ಕೇಳದ ಎರಡು ತಾಸು.
ಹೇಳಲಿಲ್ಲ. ಹೇಳಿದ್ದರೆ ಮೂರು ಕರಪತ್ರಕ್ಕೆ ಮೂರು ಪಕ್ಷ,
ಸಂಜೆಯಿಡೀ ಸಮ್ಮಿಶ್ರ ಸರ್ಕಾರ.

ಅತ್ತೆಯನ್ನು ಯಾರೂ ಕೇಳಲಿಲ್ಲ.
ಗದಗಿನ ಸ್ಟೇಷನ್ ರಸ್ತೆಯಲ್ಲಿ ಮೂವತ್ತೊಂದು ವರ್ಷ
ಖಾನಾವಳಿ ನಡೆಸಿದ ನಿಂಬವ್ವ
ಹೋಟೆಲಿನ ಪುಟ್ಟ ಸಾಬೂನುಗಳನ್ನು
ಕರವಸ್ತ್ರದಲ್ಲಿ ಗಂಟು ಕಟ್ಟುತ್ತ ಅಂದರು:
“ಊಟಕ್ಕ ಆಟ ಯಾಕ ಬೇಕು?
ಹಸದಾವ ಗಂಗಾಳ ನೋಡತಾನ.”

ಆದರೂ ತೀರ್ಮಾನ ಅವರದೇ ಆಯಿತು.
ಕಳ್ಳರ ಕರಪತ್ರದ ಬುಡದಲ್ಲಿ ಇರುವೆಯಂಥ ಅಕ್ಷರ:
ಅರವತ್ತೈದು ದಾಟಿದವರಿಗೆ ಟಿಕೆಟ್ಟಿಲ್ಲ.
ಅತ್ತೆಯ ಬದಲು ಅವರ ವಯಸ್ಸು ಕೈ ಎತ್ತಿತು.

ಏಸಿಯ ಚಳಿಯಲ್ಲಿ ಬಣ್ಣ ಬಳಿದ ಅಲೆಗಳು.
ಎಲ್ಲರ ತಲೆಗೂ ಕಾಗದದ ಟೋಪಿ;
ಅತ್ತೆ ತಮ್ಮದನ್ನು ಸೆರಗಿನ ಮೇಲೇ ಇಟ್ಟುಕೊಂಡರು.
ಬೇಯಿಸಿದ ಆಲೂಗಡ್ಡೆ, ಅರ್ಧ ಮೆಕ್ಕೆತೆನೆ,
ಸಸ್ಯಾಹಾರವೆಂದು ಸಾರಲು ಬ್ರೆಡ್ಡಿಗೆ ಚುಚ್ಚಿದ ಹಸಿರು ಬಾವುಟ.
ಹೆಬ್ಬೆರಳಲ್ಲಿ ಬ್ರೆಡ್ಡು ಒತ್ತಿ ನೋಡಿ,
“ನಿನ್ನೀದು,” ಅಂದರು, ಬೇಸರವಿಲ್ಲದೆ,
ಕಸುಬಿನವರು ಕಸುಬಿನವರ ಬಗ್ಗೆ ಹೇಳುವಂತೆ.

ಅಷ್ಟರಲ್ಲಿ ಒಬ್ಬ ಗೂಢಚಾರ ಸಿಕ್ಕಿಬಿದ್ದ.
ಬಡಕಲು ಹುಡುಗ, ಪಟಕಂಬಕ್ಕೆ ಬಿಗಿದರು.
ನೇಣೋ? ನೀರೋ? ಎಂದು ಕಪ್ತಾನ ಗರ್ಜಿಸಿದ.
ನೀರು! ನೀರು! ತೇಜು ಮೇಜು ಗುದ್ದಿದ.
ಕಪ್ತಾನ ಮೈಕು ಹಿಡಿದು ಇಳಿದು ಬಂದ,
ನೇರ ನಮ್ಮ ಮೇಜಿಗೆ, ಒಂದು ಮಂಡಿಯೂರಿ, ಹಿಂದಿಯಲ್ಲಿ:
“ದಾದೀಜಿ, ಇವನನ್ನೇನು ಮಾಡೋಣ?”
ನಗಾರಿ ನಿಂತಿತು.

ಅತ್ತೆ ಕಪ್ತಾನನನ್ನು ನೋಡಲಿಲ್ಲ.
ಕಂಬದವನ ಕೊರಳ ಮೂಳೆ ನೋಡಿದರು,
ಬೂಟಿನೊಳಗಿಂದ ಇಣುಕಿದ ಹರಿದ ಕಾಲುಚೀಲ ನೋಡಿದರು.
“ಅವಂದು ಊಟ ಆಗೇತೇನು?”

ಮುನ್ನೂರು ಜನರ ಮೇಲೆ ಗದಗಿನ ಕನ್ನಡ
ಸ್ಪೀಕರಿನಿಂದ ಬಿತ್ತು. ಯಾರಿಗೂ ತಿಳಿಯಲಿಲ್ಲ.
ಕಪ್ತಾನ ನಕ್ಕ, ಅವನು ನಕ್ಕನೆಂದು ಎಲ್ಲರೂ ನಕ್ಕರು.
ಆಗ ಸಂಹಿತಾ ಎದ್ದು ನಿಂತಳು,
ದಿನವಿಡೀ ನಮ್ಮ ಪರಿಚಯವಿಲ್ಲದಂತೆ ನಡೆದವಳು,
ಇಂಗ್ಲಿಷಿನಲ್ಲಿ ಕೂಗಿದಳು:
“ನಮ್ಮಜ್ಜಿ ಕೇಳ್ತಿದ್ದಾರೆ, ಅವನು ಊಟ ಮಾಡಿದ್ದಾನಾ?”

ಹಗ್ಗದೊಳಗಿನ ಹುಡುಗ ನಾಟಕ ಮರೆತು
ಇಲ್ಲವೆಂದು ತಲೆಯಾಡಿಸಿದ.
ಒಂಬತ್ತೂಕಾಲು. ಅವನಿಗೆ ಇನ್ನೊಂದು ಆಟ ಬಾಕಿ.

ಆಮೇಲೂ ಅವನನ್ನು ನೀರಿಗೆ ಹಾಕಿದರು,
ಇಬ್ಬರು ಅಲುಗಿಸುವ ನೀಲಿ ಬಟ್ಟೆಗೆ.
ಅತ್ತೆ ಬ್ರೆಡ್ಡು ಮುಟ್ಟಲಿಲ್ಲ.

ಟ್ಯಾಕ್ಸಿ ಖಾಡಿಯ ಪಕ್ಕ ಕೆಂಪು ದೀಪಕ್ಕೆ ನಿಂತಾಗ
ಆಚೆ ನೀರಲ್ಲಿ ಹೋಗುತ್ತಿತ್ತು ಆ ಹಡಗು,
ಕೈಯಲ್ಲಿ ಹಿಡಿಯಬಹುದಾದಷ್ಟು ಚಿಕ್ಕದು.
ಟೋಪಿ ಇನ್ನೂ ತಲೆಯ ಮೇಲಿತ್ತು ಅತ್ತೆಗೆ.
“ನಿನಗ ಯಾವ್ದು ಬೇಕಿತ್ತವಾ?” ಅಂದರು,
ಸಾರು ಹಾಕಲೋ, ಮಜ್ಜಿಗೆಯೋ ಎಂದು
ಸಾವಿರಾರು ಜನರನ್ನು ಕೇಳಿದ ಅದೇ ದನಿಯಲ್ಲಿ.

ನಾನು ಬೆರಳು ಎತ್ತುವಷ್ಟರಲ್ಲಿ
ಹಸಿರು ದೀಪ ಬಿತ್ತು.